ಹೋಂಡಾ ಎಸ್2000: ಮುಂದೆ 225, ಹಿಂದೆ 255 ಟೈರ್ ಕೂರಿಸಿದ ಕೆಲಸದ ದಾಖಲೆ

ಕಾರು 2001ರ ಹೋಂಡಾ ಎಸ್2000, ಎಪಿ1 ಮಾದರಿ. ಎರಡು ಲೀಟರಿನ ಎಫ್20ಸಿ ಎಂಜಿನ್, ಎಳೆತ ಹಿಂದಿನ ಚಕ್ರಗಳಿಗೆ, ಆ ಎರಡು ಚಕ್ರಗಳಿಗೆ ಎಳೆತ ಹಂಚುವ ಟೊರ್ಸೆನ್ ಡಿಫರೆನ್ಷಿಯಲ್. ತೂಕ ಸುಮಾರು 1270 ಕೆ.ಜಿ., ಮುಂದೆ ಅರ್ಧ, ಹಿಂದೆ ಅರ್ಧ. ಕಾರ್ಖಾನೆಯಿಂದ ಬಂದ ಅಳತೆ ಮುಂದೆ 205/55 ಆರ್16 (205 ಮಿ.ಮೀ. ಅಗಲ, ಟೈರಿನ ಪಕ್ಕದ ಎತ್ತರ ಅದರ ಶೇ. 55, ರಿಮ್ 16 ಇಂಚು), ಹಿಂದೆ 225/50 ಆರ್16. 16 ಇಂಚಿನಲ್ಲಿ ಒಳ್ಳೆಯ ಸ್ಪೋರ್ಟ್ಸ್ ಟೈರ್ ಸಿಗುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ, ಅದರಲ್ಲೂ ಹಿಂದಿನ 225/50ಕ್ಕೆ ಆಯ್ಕೆಯೇ ಇಲ್ಲ ಎನ್ನುವ ಸ್ಥಿತಿ. ಹಾಗಾಗಿ 17 ಇಂಚಿಗೆ ಹೋಗಿ ಮುಂದೆ 225/45 ಆರ್17, ಹಿಂದೆ 255/40 ಆರ್17 ಕೂರಿಸಲಾಯಿತು. ಕಾರಿನ ಬಳಕೆ ರಸ್ತೆಯಲ್ಲಿ, ನಡುನಡುವೆ ಟ್ರ್ಯಾಕ್ ದಿನ.

ಅಗಲಕ್ಕಿಂತ ಮೊದಲು ಅನುಪಾತ

ಟೈರ್ ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು "ಎಷ್ಟು ಅಗಲದ್ದು ಹಿಡಿಯುತ್ತದೆ?" ಎಂದು. ಎಸ್2000 ತರಹದ ಕಾರಿಗೆ ಅದು ಎರಡನೆಯ ಪ್ರಶ್ನೆ. ಮುಂದಿನ ಅಗಲಕ್ಕೂ ಹಿಂದಿನ ಅಗಲಕ್ಕೂ ಇರುವ ಅನುಪಾತ ಮೊದಲು ತೀರ್ಮಾನವಾಗಬೇಕು. ತಿರುವಿನಲ್ಲಿ ಯಾವ ತುದಿ ಮೊದಲು ಜಾರುತ್ತದೆ ಎಂಬುದು ಬಹುಪಾಲು ಅದರಿಂದಲೇ ನಿರ್ಧಾರವಾಗುತ್ತದೆ.

ಹೋಂಡಾ ಏನು ಮಾಡಿತು ನೋಡಿ. ಎಪಿ1ರಲ್ಲಿ 205 ಮತ್ತು 225: ಮುಂದಿನದು ಹಿಂದಿನದರ ಶೇ. 91. 2004ರ ಮಾದರಿಯಲ್ಲಿ 17 ಇಂಚಿಗೆ ಹೋದಾಗ ಮುಂದೆ 215/45, ಹಿಂದೆ 245/40: ಶೇ. 88. ಅಮೆರಿಕದಲ್ಲಿ ಮಾರಿದ ಸಿಆರ್ ಮಾದರಿಯಲ್ಲಿ ಮುಂದೆ ಅದೇ 215/45, ಹಿಂದೆ 255/40: ಶೇ. 84. ಮುಂದಿನ ಟೈರ್ ಹತ್ತು ಮಿ.ಮೀ. ಮಾತ್ರ ಬೆಳೆಯಿತು, ಹಿಂದಿನದು ಮೂವತ್ತು. ತೂಕ ಸಮನಾಗಿದ್ದರೂ ಹಿಂದಕ್ಕೆ ಹೆಚ್ಚು ರಬ್ಬರ್ ಬೇಕಾಗುವುದಕ್ಕೆ ಕಾರಣ ಸರಳ. ಹಿಂದಿನ ಟೈರ್ ಪಕ್ಕಕ್ಕೆ ಹಿಡಿದುಕೊಳ್ಳುವ ಕೆಲಸದ ಜೊತೆಗೆ ಎಂಜಿನ್ನಿನ ಎಳೆತವನ್ನೂ ಹೊರಬೇಕು. ಎರಡಕ್ಕೂ ಇರುವುದು ಒಂದೇ ಹಿಡಿತ, ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಕಡಿಮೆ. ಎಪಿ1ಕ್ಕೆ ಇನ್ನೊಂದು ಗುಣವಿದೆ: ಹಿಂದಿನ ಸಸ್ಪೆನ್ಷನ್ ಮೇಲೆ ಕೆಳಗೆ ಆಡುವಾಗ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಗಮನಾರ್ಹವಾಗಿ ಬದಲಾಗುತ್ತದೆ. ತಿರುವಿನ ನಡುವೆ ದಿಢೀರನೆ ಆಕ್ಸಿಲರೇಟರ್ ಬಿಟ್ಟರೆ ಹಿಂಬದಿ ಹಗುರಾಗುತ್ತದೆ, ಟೋ ಬದಲಾಗುತ್ತದೆ, ಕಾರು ಗಿರಕಿ ಹೊಡೆಯುತ್ತದೆ. 2004ರಲ್ಲಿ ಹೋಂಡಾ ಈ ಜ್ಯಾಮಿತಿಯನ್ನೂ ತಿದ್ದಿತು. ಆದರೆ ನಮ್ಮ ಕೈಯಲ್ಲಿರುವುದು ತಿದ್ದುವ ಮೊದಲಿನ ಕಾರು. ಅದಕ್ಕೆ ಮುಂದೆ ಮಾತ್ರ ಅಗಲದ ಟೈರ್ ಹಾಕುವುದು ಅಪಾಯವನ್ನು ಕೈಯಾರೆ ಕರೆದಂತೆ.

225 ಮತ್ತು 255ರ ಅನುಪಾತ ಶೇ. 88. ಅಂದರೆ 2004ರ ಹೋಂಡಾ ಲೆಕ್ಕವೇ, ಎರಡೂ ಕಡೆ ಹತ್ತು ಮಿ.ಮೀ. ಹೆಚ್ಚು. ಎಪಿ1ರ ಮೂಲ ಸ್ವಭಾವಕ್ಕಿಂತ ಒಂದು ತೂಕ ಸುರಕ್ಷಿತ ಕಡೆಗೆ ವಾಲಿದೆ.

ವ್ಯಾಸದ ಲೆಕ್ಕ

ಅಗಲ ಗೊತ್ತಾದ ಮೇಲೆ ವ್ಯಾಸ. ಟೈರ್ ಅಗಲವನ್ನು ಸರಣಿ ಶೇಕಡಾದಿಂದ (205/55ರಲ್ಲಿನ 55) ಗುಣಿಸಿದರೆ ಸೈಡ್‌ವಾಲ್ ಎತ್ತರ. ಅದರ ಎರಡರಷ್ಟಕ್ಕೆ ರಿಮ್ ವ್ಯಾಸ ಕೂಡಿಸಿ. 16 ಇಂಚು ಅಂದರೆ 406.4 ಮಿ.ಮೀ., 17 ಇಂಚು ಅಂದರೆ 431.8.

205/55 ಆರ್16: 631.9 ಮಿ.ಮೀ.
225/50 ಆರ್16: 631.4
215/45 ಆರ್17: 625.3
225/45 ಆರ್17: 634.3
235/40 ಆರ್17: 619.8
245/40 ಆರ್17: 627.8
255/40 ಆರ್17: 635.8

ಮೂಲ ಟೈರ್‌ಗಳಲ್ಲಿ ಮುಂದು ಹಿಂದಿನ ವ್ಯತ್ಯಾಸ ಅರ್ಧ ಮಿಲಿಮೀಟರ್. ಹೊಸ ಜೋಡಿಯಲ್ಲಿ ಒಂದೂವರೆ ಮಿ.ಮೀ., ಶೇ. 0.25 ಕೂಡ ಇಲ್ಲ. ಹಿಂದಿನ ಚಕ್ರ ಮೂಲಕ್ಕಿಂತ ಶೇ. 0.7 ದೊಡ್ಡದು; ಸ್ಪೀಡೋಮೀಟರ್ 100 ತೋರಿಸುವಾಗ ಹಳೆಯ ಟೈರಿನಲ್ಲಿ ಓಡುತ್ತಿದ್ದುದಕ್ಕಿಂತ ಮುಕ್ಕಾಲು ಕಿಲೋಮೀಟರಿನಷ್ಟು ಹೆಚ್ಚು ವೇಗ. ಸವೆದ ಟೈರಿಗೂ ಹೊಸ ಟೈರಿಗೂ ಇರುವ ವ್ಯತ್ಯಾಸವೇ ಇದಕ್ಕಿಂತ ದೊಡ್ಡದು.

ಪಟ್ಟಿ ನೋಡಿದರೆ ಬಿಟ್ಟ ಜೋಡಿಗಳ ಕಾರಣವೂ ಕಾಣುತ್ತದೆ. ಮುಂದೆ 235/40, ಹಿಂದೆ 255/40 ಹಾಕಿದರೆ ವ್ಯಾಸದಲ್ಲಿ 16 ಮಿ.ಮೀ. ಅಂತರ, ಶೇ. 2.5. ಎಬಿಎಸ್ ನಾಲ್ಕೂ ಚಕ್ರದ ವೇಗವನ್ನು ಹೋಲಿಸಿ ಕೆಲಸ ಮಾಡುತ್ತದೆ. ಮುಂದಿನ ಚಕ್ರ ಸದಾ ಹೆಚ್ಚು ಸುತ್ತುತ್ತಿದ್ದರೆ ಅದರ ಲೆಕ್ಕ ಶುರುವಿನಲ್ಲೇ ವಾಲಿರುತ್ತದೆ. ಅಮೆರಿಕದ 2006ರ ನಂತರದ ಎಸ್2000ಗಳಲ್ಲಿ ಸ್ಥಿರತೆ ಕಾಯುವ ವಿಎಸ್‌ಎ ಕೂಡ ಇದೆ, ಅಲ್ಲಿ ಈ ವ್ಯತ್ಯಾಸ ಇನ್ನೂ ಕಡಿಮೆ ಇರಬೇಕು. ಮುಂದೆ 225/45, ಹಿಂದೆ 245/40 ಬಹಳ ಜನ ಹಾಕುವ ಜೋಡಿ. ಅಗಲದ ಅನುಪಾತ ಎಪಿ1ರದ್ದೇ, ಆದರೆ ಮುಂದಿನ ಚಕ್ರ ಹಿಂದಿನದಕ್ಕಿಂತ 6.5 ಮಿ.ಮೀ. ದೊಡ್ಡದಾಗುತ್ತದೆ, ಮೂಗು ಎತ್ತಿ ಹಿಂಬದಿ ತಗ್ಗುತ್ತದೆ. ಓಡುವುದಿಲ್ಲ ಎಂದಲ್ಲ, 255 ಸಿಗುವಾಗ ಅದನ್ನು ಆರಿಸಲು ಕಾರಣವಿಲ್ಲ.

ನಾಲ್ಕೂ ಕಡೆ 255/40 ಹಾಕುವ ದಾರಿ ಟ್ರ್ಯಾಕ್ ಓಡಿಸುವವರಲ್ಲಿ ಜನಪ್ರಿಯ. ಮುಂದು ಹಿಂದು ಬದಲಿಸಿ ಹಾಕಬಹುದು, ಟೈರ್ ಹೆಚ್ಚು ದಿನ ಬಾಳುತ್ತದೆ. ಆದರೆ ಮುಂದೆ ಗಟ್ಟಿಯಾದ ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು), ಎರಡು ಡಿಗ್ರಿ ದಾಟಿದ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವ ಕೋನ), ಮುಂದಿನ ಫೆಂಡರಿನ ಕೆಲಸ ಎಲ್ಲ ಒಟ್ಟಿಗೆ ಬರಬೇಕು. ಮೂಲ ಸಸ್ಪೆನ್ಷನ್ ಇಟ್ಟುಕೊಂಡು ನಾಲ್ಕು 255 ಮಾತ್ರ ಹಾಕಿದ ಎಪಿ1 ಮಳೆಯಲ್ಲಿ ನಂಬುವ ಕಾರಲ್ಲ. ಬರೀ ರಸ್ತೆಯಲ್ಲಿ ಓಡಿಸುವವರು ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ: 2004ರ ಮಾದರಿಯ ಹೋಂಡಾ ರಿಮ್ ಸೆಟ್ ತಂದು 215/45, 245/40 ಹಾಕಿ. ಏನೂ ತಾಗುವುದಿಲ್ಲ, ಏನೂ ಕೊಯ್ಯಬೇಕಿಲ್ಲ.

ರಿಮ್: ಅಗಲ ಮತ್ತು ಆಫ್‌ಸೆಟ್

225/45 ಆರ್17ಕ್ಕೆ ಒಪ್ಪುವ ರಿಮ್ 7ರಿಂದ 8.5 ಇಂಚು. 255/40 ಆರ್17ಕ್ಕೆ 8.5ರಿಂದ 10. ಕೊಂಡದ್ದು ಮುಂದೆ 17×8 ಆಫ್‌ಸೆಟ್ +55, ಹಿಂದೆ 17×9 ಆಫ್‌ಸೆಟ್ +63. ಬೋಲ್ಟ್ ವೃತ್ತ 5×114.3, ಹಬ್ ರಂಧ್ರ 64.1 ಮಿ.ಮೀ.

ಆಫ್‌ಸೆಟ್ ಅಂದರೆ ರಿಮ್‌ನ ನಡುರೇಖೆಯಿಂದ ಹಬ್‌ಗೆ ಕೂರುವ ಮುಖ ಎಷ್ಟು ಮಿ.ಮೀ. ಹೊರಕ್ಕಿದೆ ಎಂಬ ಅಳತೆ; ಆ ನಂಬರನ್ನು ಬರೀ ನೋಡಿದರೆ ಏನೂ ತಿಳಿಯದು. ಹಬ್ ಮುಖದಿಂದ ಹೊರಕ್ಕೆ ಎಷ್ಟು, ಒಳಕ್ಕೆ ಎಷ್ಟು ಎಂದು ಬಿಡಿಸಬೇಕು. ರಿಮ್ ಅಗಲದ ಅರ್ಧದಿಂದ ಆಫ್‌ಸೆಟ್ ಕಳೆದರೆ ಹೊರಗಿನದು, ಕೂಡಿದರೆ ಒಳಗಿನದು. ಮುಂದಿನ ಮೂಲ ರಿಮ್ 16×6.5, +55: ಹೊರಕ್ಕೆ 27.5, ಒಳಕ್ಕೆ 137.5. ಹೊಸದು ಹೊರಕ್ಕೆ 46.6, ಒಳಕ್ಕೆ 156.6. ಆಫ್‌ಸೆಟ್ ಒಂದೇ ಆದ್ದರಿಂದ ಎರಡೂ ಕಡೆ 19 ಮಿ.ಮೀ. ಸಮನಾಗಿ ಬೆಳೆದಿದೆ, ಚಕ್ರದ ನಡುರೇಖೆ ಇದ್ದಲ್ಲೇ ಇದೆ. ಸ್ಟೇರಿಂಗ್ ಹಿಡಿತದ ಅನುಭವ ಕೆಡದೆ ಉಳಿಯಬೇಕೆಂದರೆ ಮುಂದೆ ಇದು ಮುಖ್ಯ. ನಡುರೇಖೆ ಹೊರಕ್ಕೆ ಸರಿದಷ್ಟೂ ಬ್ರೇಕ್ ಹಾಕಿದಾಗ, ಗುಂಡಿ ಬಡಿದಾಗ ಸ್ಟೇರಿಂಗ್ ಕೈಯಲ್ಲಿ ಎಳೆದಾಡುತ್ತದೆ. ಹಿಂದೆ ಮೂಲ 16×7.5, +65: ಹೊರಕ್ಕೆ 30.3, ಒಳಕ್ಕೆ 160.3. ಹೊಸದು ಹೊರಕ್ಕೆ 51.3, ಒಳಕ್ಕೆ 177.3. ಅಂದರೆ ಹೊರಕ್ಕೆ 21, ಒಳಕ್ಕೆ 17 ಮಿ.ಮೀ. ಹೆಚ್ಚು. ಫೆಂಡರಿಗೆ ಕೆಲಸ ಬೀಳುವುದು ಇಲ್ಲಿಯೇ ಎಂದು ಕಾಗದದ ಮೇಲೆಯೇ ಗೊತ್ತಾಗುತ್ತದೆ.

ಟೈರಿನ ಮೇಲೆ ಬರೆದ ಅಗಲ ಒಂದು ನಿಗದಿತ ರಿಮ್ ಮೇಲಿನ ಅಳತೆ. 225/45ಕ್ಕೆ ಅದು 7.5 ಇಂಚು. ರಿಮ್ ಅರ್ಧ ಇಂಚು ಅಗಲವಾದರೆ ಟೈರ್ ಸುಮಾರು 5 ಮಿ.ಮೀ. ಉಬ್ಬುತ್ತದೆ. ಅದೇ ಅಂಕಿಯ ಎರಡು ಕಂಪನಿಗಳ ಟೈರ್‌ಗಳಲ್ಲೂ ಹಲವು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಭುಜ ಚೌಕಾಗಿರುವ ಟ್ರ್ಯಾಕ್ ಟೈರ್, ಭುಜ ದುಂಡಗಿರುವ ರಸ್ತೆ ಟೈರಿಗಿಂತ ಮೊದಲು ಫೆಂಡರ್ ಮುಟ್ಟುತ್ತದೆ. ಕೊಳ್ಳುವ ಮೊದಲು ಕಂಪನಿಯ ಪಟ್ಟಿಯಲ್ಲಿ ಸೆಕ್ಷನ್ ಅಗಲ ಮತ್ತು ಟ್ರೆಡ್ ಅಗಲ ಎರಡನ್ನೂ ಓದಿ.

ಹೊರಗಿನ ಕಂಪನಿಯ ರಿಮ್‌ಗಳ ನಡುರಂಧ್ರ ಸಾಮಾನ್ಯವಾಗಿ 73.1 ಇರುತ್ತದೆ. 73.1ರಿಂದ 64.1ಕ್ಕೆ ಇಳಿಸುವ ಹಬ್ ರಿಂಗ್ ನಾಲ್ಕು ಬೇಕು. ಇನ್ನೂ ಮುಖ್ಯ, ನಟ್. ಹೋಂಡಾ ಮೂಲ ನಟ್‌ನ ಕೂರುವ ಮುಖ ದುಂಡು, ಹೊರಗಿನ ರಿಮ್‌ಗಳದ್ದು 60 ಡಿಗ್ರಿ ಕೋನ. ದುಂಡು ನಟ್ ಕೋನದ ಕುಳಿಯಲ್ಲಿ ಬಿಗಿಯಾದಂತೆ ಕಾಣುತ್ತದೆ, ಟಾರ್ಕ್ ರೆಂಚ್ ಕೂಡ ಟಿಕ್ ಎನ್ನುತ್ತದೆ, ಆದರೆ ಹಿಡಿದಿರುವುದು ತೆಳು ಅಂಚಿನಲ್ಲಿ ಮಾತ್ರ. ನೂರಿನ್ನೂರು ಕಿಲೋಮೀಟರ್ ಒಳಗೆ ಸಡಿಲವಾಗುತ್ತದೆ. ಹೊಸ ನಟ್ 20, ಎಂ12×1.5, ಕೋನ ಮುಖದ್ದು. ಹಳೆಯ ನಟ್‌ಗಳನ್ನು ಮೂಲ ರಿಮ್ ಜೊತೆಗೇ ಕಟ್ಟಿ ಇಡಿ.

ಒಂದೇ ಟೈರ್ ಹಾಕಿ ನೋಡುವುದು

ನಾಲ್ಕೂ ಟೈರ್ ಏರಿಸುವ ಮೊದಲು ಮುಂದಿನದೊಂದು, ಹಿಂದಿನದೊಂದು ಮಾತ್ರ ರಿಮ್ಮಿಗೆ ಹಾಕಿಸಿ. ರಸ್ತೆಗಿಳಿಸಿದ ಟೈರನ್ನು ಯಾವ ಅಂಗಡಿಯೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಕಾರನ್ನು ನಾಲ್ಕು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ನೋಡುವ ಮೂಲೆಯ ಶಾಕ್ ಬಿಚ್ಚಿ, ಕಂಪ್ರೆಸರ್ ಹಾಕಿ ಸ್ಪ್ರಿಂಗ್ ತೆಗೆದು, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿದಾಗ ತಡೆಯುವ ಮೆತ್ತೆ) ಇಟ್ಟು ಶಾಕನ್ನು ಮಾತ್ರ ವಾಪಸ್ ಕೂರಿಸಿ. ಸ್ಪ್ರಿಂಗ್ ಇದ್ದ ಹಾಗೆಯೇ ಜಾಕ್‌ನಿಂದ ಆರ್ಮ್ ಒತ್ತಲು ಹೋದರೆ ಕಾರೇ ಸ್ಟ್ಯಾಂಡ್ ಬಿಟ್ಟು ಏಳುತ್ತದೆ. ಆ ಕೆಲಸ ಮಾಡಲೇಬೇಡಿ. ಆ್ಯಂಟಿ ರೋಲ್ ಬಾರಿನ ಕೊಂಡಿಯನ್ನು ಬಿಚ್ಚಿದರೆ ಆರ್ಮ್ ಸಲೀಸಾಗಿ ಏರುತ್ತದೆ, ಆದರೆ ಕೊನೆಯಲ್ಲಿ ಕೊಂಡಿ ಸೇರಿಸಿ ಅದೂ ಚಕ್ರಕ್ಕೆ ತಾಗುತ್ತದೆಯೇ ನೋಡಬೇಕು. ಚಕ್ರ ಹಾಕಿ, ಕೆಳಗಿನ ಆರ್ಮಿನ ಹೊರತುದಿಗೆ ಜಾಕ್ ಕೊಟ್ಟು ಇಂಚಿಂಚೇ ಬಂಪ್ ಸ್ಟಾಪ್ ಒತ್ತುವವರೆಗೆ ಏರಿಸಿ.

ಒಳಗೆ ಶಾಕ್, ಮೇಲಿನ ಆರ್ಮ್, ಕ್ಯಾಲಿಪರ್, ಬ್ರೇಕ್ ಹೋಸ್ ಬ್ರಾಕೆಟ್‌ಗಳ ಮೇಲೆ ಮಕ್ಕಳು ಆಡುವ ಕ್ಲೇಯ ಉಂಡೆ ಅಂಟಿಸಿ ಚಕ್ರ ತಿರುಗಿಸಿ. ಒತ್ತಿದ ಮೇಲೆ ಉಳಿದ ಕ್ಲೇಯ ದಪ್ಪವೇ ಅಲ್ಲಿರುವ ಜಾಗ. ಗಟ್ಟಿ ಭಾಗಕ್ಕೂ ಟೈರಿಗೂ 5 ಮಿ.ಮೀ.ಗಿಂತ ಕಡಿಮೆ ಇದ್ದರೆ ಬೇಡ: ತಿರುವಿನಲ್ಲಿ ಸೈಡ್‌ವಾಲ್ ಬಾಗುತ್ತದೆ, ಬುಷ್ (ಆರ್ಮಿನ ಕೀಲಿನಲ್ಲಿರುವ ರಬ್ಬರ್) ಮಣಿಯುತ್ತದೆ, ಆ ಐದೂ ಖರ್ಚಾಗುತ್ತದೆ. ಫೆಂಡರ್ ಕಡೆ 8ರಿಂದ 10 ಇರಲಿ. ಮುಂದೆ ಪ್ರತಿ ಎತ್ತರದಲ್ಲೂ ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಪೂರ್ತಿ ತಿರುಗಿಸಿ ನೋಡಬೇಕು.

ಮುಂದೆ ಫಲಿತಾಂಶ ಹಗುರಾಗಿತ್ತು. ಲೋಹ ಎಲ್ಲೂ ತಾಗಲಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಅರ್ಧ ಏರಿಸಿದಾಗ ಪ್ಲಾಸ್ಟಿಕ್ ಲೈನರ್‌ನ ಮುಂಭಾಗ ಟೈರಿನ ಭುಜವನ್ನು ಸವರಿತು. ಲೈನರನ್ನು ಹೀಟ್ ಗನ್‌ನಿಂದ ಮೆತ್ತಗೆ ಮಾಡಿ ಒಳಕ್ಕೆ ಒತ್ತಿ ಹಿಡಿದು ತಣ್ಣಗಾಗಿಸಿದರೆ ಸಾಕು. ಕತ್ತರಿಸಬೇಡಿ, ಮಳೆಯ ಕೆಸರೆಲ್ಲ ಒಳಗೆ ಹೋಗುತ್ತದೆ.

ಹಿಂದೆ ಎರಡು ಕಡೆ. ಒಂದು, ಫೆಂಡರಿನ ಒಳಮಡಚಿದ ತುಟಿ. ಎರಡು, ಬಂಪರ್ ಫೆಂಡರಿಗೆ ಸೇರುವ ಮೂಲೆಯಲ್ಲಿರುವ ಸಣ್ಣ ಪಟ್ಟಿ ಮತ್ತು ಅದರ ಸ್ಕ್ರೂ. ಎರಡನೆಯದು ಮೊದಲು ನೋಡಿ, ಏಕೆಂದರೆ ಅದು ಮೊನೆ. ಒಂದೇ ದೊಡ್ಡ ಗುಂಡಿಯಲ್ಲಿ ಹೊಸ ಟೈರಿನ ಭುಜ ಉದ್ದಕ್ಕೆ ಸೀಳುತ್ತದೆ. ಸ್ಕ್ರೂ ಬಿಚ್ಚಿ, ಪಟ್ಟಿಯನ್ನು ಮೇಲಕ್ಕೆ ಮಡಚಿ, ಟೈರಿನ ದಾರಿಯಿಂದ ಹೊರಗಿರುವಂತೆ ಮತ್ತೆ ಹಿಡಿಸಲಾಯಿತು.

ತುಟಿ ಮಡಚುವ ಕೆಲಸ

ಇಷ್ಟು ಹಳೆಯ ಬಣ್ಣ ತಣ್ಣಗಿದ್ದಾಗ ಗಾಜಿನಂತೆ ಒಡೆಯುತ್ತದೆ. ಹಬ್‌ಗೆ ಬೋಲ್ಟ್ ಆಗುವ ಫೆಂಡರ್ ರೋಲರ್ ಬಾಡಿಗೆಗೆ ಸಿಗುತ್ತದೆ, ಅದನ್ನೇ ಬಳಸಿ. ದೊಣ್ಣೆ ತುರುಕಿ ಕಾರು ಹಿಂದೆ ಮುಂದೆ ತಳ್ಳುವ ವಿಧಾನ ಫೆಂಡರನ್ನು ಅಲೆಅಲೆಯಾಗಿಸುತ್ತದೆ. ಮೊದಲು ತುಟಿಯ ಒಳಗಿನ ಮಣ್ಣು, ತುಕ್ಕು ಪೂರ್ತಿ ಕೆರೆದು ತೆಗೆಯಿರಿ. ಹೀಟ್ ಗನ್ ಒಂದೆಡೆ ನಿಲ್ಲಿಸದೆ ಓಡಾಡಿಸುತ್ತ ಹೊರಮೈ ಕೈಯಿಟ್ಟರೆ ತಾಳಲಾಗದಷ್ಟು, ಅಂದರೆ 60–70 ಡಿಗ್ರಿ, ಬಿಸಿಯಾಗಲಿ. ರೋಲರ್ ಒಂದು ಸುತ್ತು ಎಳೆದು, ಕಾಲು ತಿರುವು ಬಿಗಿ ಮಾಡಿ, ಮತ್ತೆ ಬಿಸಿ ಮಾಡಿ, ಮತ್ತೆ ಎಳೆಯಿರಿ. ಆತುರ ಮಾಡಿದರೆ ತುಟಿಯ ಬದಲು ಫೆಂಡರೇ ಹೊರಕ್ಕೆ ಉಬ್ಬುತ್ತದೆ. ತುಟಿ ಪೂರ್ತಿ ಮಡಚಿದ ಮೇಲೆ ನಿಲ್ಲಿಸಿ. ಫೆಂಡರನ್ನು ಹೊರಗೆ ಎಳೆಯುವುದು ಬೇರೆಯೇ ಕೆಲಸ, ಈ ಅಳತೆಗೆ ಬೇಕಿಲ್ಲ.

ಕೆಲಸ ಇಲ್ಲಿಗೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಮಡಚುವಾಗ ಕಾರ್ಖಾನೆ ಹಚ್ಚಿದ ಸೀಲಂಟ್ ಬಿರುಕು ಬಿಟ್ಟಿರುತ್ತದೆ, ಎರಡು ತಗಡಿನ ನಡುವೆ ನೀರು ನಿಂತು ಫೆಂಡರ್ ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ತುಕ್ಕು ತಡೆಯುವ ಪ್ರೈಮರ್ ಹಚ್ಚಿ ಒಣಗಿಸಿ, ಅದರ ಮೇಲೆ ಸೀಮ್ ಸೀಲರ್ ಎಳೆಯಿರಿ.

ಅಲೈನ್‌ಮೆಂಟ್

ಎಸ್2000ರಲ್ಲಿ ಕ್ಯಾಂಬರ್, ಟೋ ಎಲ್ಲವನ್ನೂ ಕೆಳಗಿನ ಆರ್ಮಿನ ಎಕ್ಸೆಂಟ್ರಿಕ್ (ಕೇಂದ್ರ ತಪ್ಪಿಸಿದ) ಬೋಲ್ಟ್‌ಗಳು ಮತ್ತು ಟೋ ಕೊಂಡಿಗಳಿಂದ ಸರಿಪಡಿಸಬಹುದು. ಅಡ್ಡಿ ಒಂದೇ: ಈ ಬೋಲ್ಟ್‌ಗಳು ಬುಷ್‌ನ ಒಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಬಲವಂತವಾಗಿ ತಿರುಗಿಸಿದರೆ ಬೋಲ್ಟ್ ಜೊತೆ ಕೊಳವೆಯೂ ತಿರುಗಿ ಬುಷ್‌ನ ರಬ್ಬರ್ ಹರಿಯುತ್ತದೆ. ಅಲೈನ್‌ಮೆಂಟ್‌ಗೆ ಹೋಗುವ ಕೆಲವು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತ ಬನ್ನಿ, ನಟ್ ಸಡಿಲಿಸಿ ಬೋಲ್ಟನ್ನು ಮೆಲ್ಲನೆ ಎರಡೂ ಕಡೆ ಅಲ್ಲಾಡಿಸಿ. ಬಿಡದಿದ್ದರೆ ಕೊಯ್ದು ತೆಗೆದು ಹೊಸ ಬೋಲ್ಟ್, ಹೊಸ ಬುಷ್. ಹೊಸ ಬೋಲ್ಟ್ ಹಾಕುವಾಗ ಆ್ಯಂಟಿ ಸೀಜ್ ಗ್ರೀಸ್ ಮರೆಯಬೇಡಿ.

ಹೋಂಡಾ ಅಂಕಿ ಮುಂದೆ ಕ್ಯಾಂಬರ್ −0.5 ಡಿಗ್ರಿ, ಹಿಂದೆ −1.5. ಮುಂದೆ −1.3ರ ಆಸುಪಾಸಿಗೆ, ಹಿಂದೆ −1.8ರ ಆಸುಪಾಸಿಗೆ ತರಲಾಯಿತು. ಮುಂದಿನ ಟೋ ಸೊನ್ನೆ. ಹಿಂದಿನ ಟೋ ಒಳಮುಖವಾಗಿಯೇ ಇರಬೇಕು, ಹೋಂಡಾ ಕೊಟ್ಟ ಮಿತಿಯೊಳಗೆ. ಟೈರ್ ಸವೆತ ಉಳಿಸಲು ಹಿಂದಿನ ಟೋವನ್ನು ಸೊನ್ನೆಗೆ ತರಲು ಕೆಲವರು ಹೇಳುತ್ತಾರೆ. ಎಪಿ1ರಲ್ಲಿ ಆ ಮಾತು ಕೇಳಬೇಡಿ. ಕಾರನ್ನು ನೇರ ನಿಲ್ಲಿಸುವುದೇ ಅದು. ಎಡ ಬಲ ವ್ಯತ್ಯಾಸ 0.2 ಡಿಗ್ರಿ ದಾಟದಿರಲಿ, ಮತ್ತು ಅಳೆಯುವಾಗ ಚಾಲಕನ ತೂಕದಷ್ಟು ಚೀಲ ಸೀಟಿನಲ್ಲಿರಲಿ.

ಗಾಳಿ, ಮತ್ತು ಯಾವ ತುದಿ ಮೊದಲು ಜಾರುತ್ತದೆ

ನಟ್ ಬಿಗಿ 108 ನ್ಯೂಟನ್ ಮೀಟರ್, ನಕ್ಷತ್ರದ ಕ್ರಮದಲ್ಲಿ, ಟೈರ್ ನೆಲಕ್ಕೆ ಸ್ವಲ್ಪವೇ ತಾಗಿರುವಾಗ. 80–100 ಕಿ.ಮೀ. ನಂತರ ಮತ್ತೆ ಅದೇ ಬಿಗಿ.

ಗಾಳಿ ತಣ್ಣಗಿದ್ದಾಗ ನಾಲ್ಕಕ್ಕೂ 32 ಪಿಎಸ್‌ಐ, ಮೂಲ ಅಂಕಿಯೇ ಒಳ್ಳೆಯ ಆರಂಭ. ಪ್ರತಿ 5–6 ಡಿಗ್ರಿ ಬಿಸಿಗೆ ಸುಮಾರು 1 ಪಿಎಸ್‌ಐ ಏರುತ್ತದೆ. ಟ್ರ್ಯಾಕ್‌ನಲ್ಲಿ ಬಿಸಿಯಾದಾಗ 34–36 ಇರುವಂತೆ ಬೆಳಿಗ್ಗೆಯೇ ಇಳಿಸಿ ಹೊರಡಬೇಕು. ಪಿಟ್‌ಗೆ ಬಂದ ತಕ್ಷಣ ಸೂಜಿಯ ಥರ್ಮಾಮೀಟರನ್ನು ಟ್ರೆಡ್‌ನ ಒಳ ಅಂಚು, ನಡು, ಹೊರ ಅಂಚಿಗೆ ಚುಚ್ಚಿ ಬರೆದುಕೊಳ್ಳಿ. ನಡು ಹೆಚ್ಚು ಬಿಸಿ ಇದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಬಿಸಿ ಇದ್ದರೆ ಕಡಿಮೆ, ಹೊರ ಅಂಚು ಮಾತ್ರ ಕಾದಿದ್ದರೆ ಕ್ಯಾಂಬರ್ ಸಾಲದು. ಒಳ ಅಂಚು ಸ್ವಲ್ಪ ಹೆಚ್ಚು ಬಿಸಿ ಇರುವುದು ಸರಿಯೇ.

ಹೊಸ ಟೈರ್ ಮೈಮೇಲೆ ಅಚ್ಚಿನಿಂದ ಬಿಡಿಸುವ ಜಾರು ಪದಾರ್ಥ ಉಳಿದಿರುತ್ತದೆ. ಮೊದಲ ಇನ್ನೂರು ಕಿಲೋಮೀಟರ್ ಮೆತ್ತಗೆ ಓಡಿಸಿ. ಆಮೇಲೆ ಖಾಲಿ, ಅಗಲ, ಸಂಚಾರಕ್ಕೆ ಮುಚ್ಚಿದ ಜಾಗದಲ್ಲಿ 30 ಮೀಟರ್ ತ್ರಿಜ್ಯದ ವೃತ್ತ ಗುರುತಿಸಿ, ಅದರ ಮೇಲೆ ಓಡಿಸುತ್ತ ವೇಗವನ್ನು ನಿಧಾನವಾಗಿ ಏರಿಸಿ. ಮುಂಭಾಗ ಮೊದಲು ಹೊರಕ್ಕೆ ತೇಲಬೇಕು. ಹಿಂಬದಿ ಮೊದಲು ಹೊರಟರೆ ಟೈರ್ ಬದಲಿಸುವ ಯೋಚನೆಗೆ ಮೊದಲು ಹಿಂದಿನ ಟೋ ಮತ್ತೆ ಅಳೆಯಿರಿ, ನಂತರ ಹಿಂದಿನ ಗಾಳಿಯನ್ನು ಒಂದು ಪಿಎಸ್‌ಐ ಹಂತದಲ್ಲಿ ಬದಲಿಸಿ ನೋಡಿ. ಒಣನೆಲದಲ್ಲಿ ಸರಿಯಾದ ಮೇಲೆ ಒದ್ದೆ ನೆಲದಲ್ಲೂ ಇದನ್ನೇ ಮಾಡಿ, ಅಲ್ಲಿ ಸಿಗುವ ಉತ್ತರ ಬೇರೆಯೇ ಇರಬಹುದು.

ನಾಲ್ಕೂ ಟೈರ್ ಒಂದೇ ಕಂಪನಿಯ ಒಂದೇ ಮಾದರಿ ಇರಬೇಕು. ಹಿಂದಿನವು ಬೇಗ ಸವೆಯುತ್ತವೆ, ಆಗ ಕೈಗೆ ಸಿಕ್ಕಿದ್ದನ್ನು ಹಿಂದೆ ಮಾತ್ರ ಹಾಕಿಸುವುದು ಸಾಮಾನ್ಯ. ಮುಂದೆ ಅಂಟು ರಬ್ಬರ್, ಹಿಂದೆ ಗಟ್ಟಿ ರಬ್ಬರ್ ಆದರೆ ಮೇಲಿನ ಅನುಪಾತದ ಲೆಕ್ಕವೆಲ್ಲ ನೀರುಪಾಲು. ಹಿಂದಿನ ಜೋಡಿ ತೀರಾ ಹೊಸದು, ಮುಂದಿನದು ಅರ್ಧ ಸವೆದದ್ದು, ಇದು ನಡೆಯುತ್ತದೆ. ತಿರುಗಾಮುರುಗಾ ನಡೆಯುವುದಿಲ್ಲ, ಮಳೆಯಲ್ಲಂತೂ ಖಂಡಿತ ಇಲ್ಲ. ಹಿಂದೆ ಟ್ರೆಡ್ 3 ಮಿ.ಮೀ.ಗೆ ಇಳಿದರೆ ಮಳೆಗಾಲಕ್ಕೆ ಮೊದಲೇ ಬದಲಿಸಿ. ಹಿಂದಿನ ಎರಡೂ ಟೈರ್ ಒಟ್ಟಿಗೆ ಬದಲಾಗಬೇಕು. ಒಂದು ಹೊಸದು, ಒಂದು ಹಳೆಯದಾದರೆ ಸುತ್ತಳತೆ ಬೇರೆಯಾಗಿ ಟೊರ್ಸೆನ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗುತ್ತ ಬಿಸಿಯಾಗುತ್ತದೆ. ಸ್ಟೆಪ್ನಿಯನ್ನು ಹಿಂದೆ ಹಾಕಿ ದೂರ ಓಡಿಸಬಾರದು ಎನ್ನುವುದಕ್ಕೂ ಕಾರಣ ಅದೇ.

ಕೊಳ್ಳುವಾಗ ಸೈಡ್‌ವಾಲ್ ಮೇಲಿನ ನಾಲ್ಕಂಕಿ ಓದಿ: ಮೊದಲ ಎರಡಂಕಿ ತಯಾರಾದ ವಾರ, ಉಳಿದೆರಡಂಕಿ ವರ್ಷ. ಲೋಡ್ ಸಂಖ್ಯೆ ಮುಂದೆ 91 ಅಂದರೆ ಟೈರ್ ಒಂದಕ್ಕೆ 615 ಕೆ.ಜಿ., ಹಿಂದೆ 94 ಅಂದರೆ 670 ಕೆ.ಜಿ.; ಈ ತೂಕದ ಕಾರಿಗೆ ಧಾರಾಳ. ಮುಂದಿನದನ್ನು ಹಿಂದೆ ಹಾಕುವ ಸೌಲಭ್ಯ ಈ ಜೋಡಿಯಲ್ಲಿ ಇಲ್ಲ. ಒಳಗೆ ಹೊರಗೆ ಎಂದು ಮಾತ್ರ ಬರೆದಿರುವ ಟೈರ್ ಆದರೆ ಎಡ ಬಲ ಬದಲಿಸಿ ಸವೆತ ಸಮ ಮಾಡಬಹುದು. ತಿರುಗುವ ದಿಕ್ಕಿನ ಬಾಣ ಇರುವ ಟೈರ್ ಆದರೆ ಅದಕ್ಕೂ ರಿಮ್‌ನಿಂದ ಬಿಚ್ಚಿ ತಿರುಗಿಸಿ ಹಾಕಿಸಬೇಕು, ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು.